ಬಡಾವಣೆಗೂ ಒಂದು ಚರಿತ್ರೆ ಉಂಟು

ಚರಿತ್ರೆ ಎಂದೊಡನೆ ನಮ್ಮ ಕಣ್ಣೆದುರಿಗೆ ನಿಲ್ಲುವುದು ಹಂಪೆ, ಬೇಲೂರು, ಶ್ರೀರಂಗಪಟ್ಟಣಗಳಂಥ ದೊಡ್ಡ ಹೆಸರುಗಳು. ರಜೆ ಬಂದಾಗ ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ಕರೆದುಕೊಂಡು ನಾವು ಅಲ್ಲಿಗೆ ಹೋಗಿ ಬರುತ್ತೇವೆ. ಆದರೆ ನಾವು ದಿನವೂ ಓಡಾಡುವ ಬೀದಿಗೂ ಒಂದು ಚರಿತ್ರೆ ಇರಬಹುದೆಂಬ ಯೋಚನೆ ನಮ್ಮಲ್ಲಿ ಬಹುಮಂದಿಗೆ ಬರುವುದಿಲ್ಲ. ಅದರಲ್ಲಿಯೂ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಂಥ ಬಡಾವಣೆಗಳಲ್ಲಿ ಮನೆ ಮಾಡಿರುವವರಿಗೆ, ‘ಇದೆಲ್ಲ ನಿನ್ನೆ ಮೊನ್ನೆ ಎದ್ದ ಊರು, ಇಲ್ಲಿಗೆ ಚರಿತ್ರೆ ಎಲ್ಲಿಂದ ಬರಬೇಕು?’ ಎಂಬ ಭಾವನೆ ಬಲವಾಗಿದೆ.

ಈ ಭಾವನೆ ಎಷ್ಟು ತಪ್ಪೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಮಾಗಡಿ ರಸ್ತೆಯಿಂದ ಕೆಂಗೇರಿಯ ಕಡೆಗೆ ಹೋಗುವ ಮೆಟ್ರೋ ರೈಲಿನಲ್ಲಿ ಕುಳಿತು ನಿಲ್ದಾಣಗಳ ಹೆಸರನ್ನು ಕಿವಿಗೊಟ್ಟು ಕೇಳಿದರೆ ಸಾಕು: ಹೊಸಹಳ್ಳಿ, ಅತ್ತಿಗುಪ್ಪೆ, ನಾಯಂಡಹಳ್ಳಿ, ಪಟ್ಟಣಗೆರೆ. ಇವೆಲ್ಲ ಬಡಾವಣೆಗಳಿಗಿಂತ ಹಿಂದಿನ ಹಳ್ಳಿಗಳ ಹೆಸರುಗಳು. ಮಾಗಡಿಯ ದಾರಿಯಲ್ಲಿರುವ ಸುಂಕದಕಟ್ಟೆಯ ಹೆಸರಿನಲ್ಲಿ ಸುಂಕದ ನೆನಪಿದೆ. ಅಗ್ರಹಾರ ದಾಸರಹಳ್ಳಿಯ ಹೆಸರಿನಲ್ಲಿ ಬ್ರಾಹ್ಮಣರಿಗೆ ದತ್ತಿ ಬಿಟ್ಟ ನೆಲದ ಸುಳಿವಿದೆ. ಕಾಮಾಕ್ಷಿಪಾಳ್ಯ, ಮೂಡಲಪಾಳ್ಯಗಳಲ್ಲಿರುವ ‘ಪಾಳ್ಯ’ ಎಂಬ ಮಾತಿಗೆ ದಂಡಿನ ಬೀಡು ಎಂಬ ಅರ್ಥ ಉಂಟು. ರಾಜಾಜಿನಗರದ ಮಗ್ಗುಲಲ್ಲೇ ಇರುವ ಕೇತಮಾರನಹಳ್ಳಿಯನ್ನು ನೋಡಿ. ಕೇತ, ಮಾರ ಎಂಬವು ಹಳೆಯ ಕನ್ನಡಿಗರು ಮಕ್ಕಳಿಗೆ ಇಡುತ್ತಿದ್ದ ಹೆಸರುಗಳು. ಆ ಕೇತಮಾರ ಯಾರು? ಅವನ ಊರಿನ ಕೆರೆ ಕುಂಟೆಗಳು ಎಲ್ಲಿದ್ದುವು? ಇಂಥ ಪ್ರಶ್ನೆಗಳನ್ನು ಕೇಳುವವರು ಯಾರು, ಉತ್ತರವನ್ನು ಬರೆದಿಡುವವರು ಯಾರು?

ದೂರದ ಆಸ್ಟ್ರೇಲಿಯಾ ದೇಶದಲ್ಲಿ ಈ ಕೆಲಸಕ್ಕೆಂದೇ ಊರೂರಿಗೆ ಸಂಘಗಳಿವೆ. ಸಿಡ್ನಿ ನಗರದಲ್ಲಿ 1901ರಲ್ಲಿ ಒಂದು ಇತಿಹಾಸ ಸಂಘ ಹುಟ್ಟಿತು. ಅದೇ ಇಂದಿನ ರಾಯಲ್ ಆಸ್ಟ್ರೇಲಿಯನ್ ಹಿಸ್ಟಾರಿಕಲ್ ಸೊಸೈಟಿ. 1909ರಲ್ಲಿ ವಿಕ್ಟೋರಿಯಾ ಪ್ರಾಂತದವರೂ ತಮ್ಮದೊಂದು ಸಂಘವನ್ನು ಕಟ್ಟಿಕೊಂಡರು. ಅನಂತರ ಸಣ್ಣ ಸಣ್ಣ ಪಟ್ಟಣಗಳೂ ಅದೇ ಹಾದಿ ಹಿಡಿದುವು. ಇವೆಲ್ಲವನ್ನೂ ಒಂದುಗೂಡಿಸುವ ಒಕ್ಕೂಟವೊಂದು 1977ರಲ್ಲಿ ಸ್ಥಾಪಿತವಾಯಿತು. ಇಂದು ಆ ದೇಶದಲ್ಲಿ ಇಂಥ ಸಂಘಗಳ ಸಂಖ್ಯೆ ಸುಮಾರು ಒಂದು ಸಾವಿರ.

ಈ ಸಂಘಗಳಲ್ಲಿ ಸಂಬಳಕ್ಕೆ ದುಡಿಯುವವರು ಅತಿ ವಿರಳ. ನಿವೃತ್ತರಾದ ಉಪಾಧ್ಯಾಯರು, ಗೃಹಿಣಿಯರು, ಅಂಗಡಿಕಾರರು ಇವರೇ ಅವುಗಳ ಆಧಾರ. ಊರಿನ ಹಳೆಯ ಕಚೇರಿಯನ್ನೋ ಶಾಲೆಯನ್ನೋ ಬೇಡಿ ಪಡೆದು ಅದರಲ್ಲಿ ಸಂಗ್ರಹಾಲಯ ಮಾಡುತ್ತಾರೆ. ಶಾಲೆಯ ಹಾಜರಿ ಪುಸ್ತಕ, ಅಂಗಡಿಯ ಲೆಕ್ಕದ ವಹಿ, ಮದುವೆಯ ಫೋಟೋ, ಮನೆಯ ನಕ್ಷೆ, ಕೂಲಿಕಾರನ ಚೀಟಿ ಯಾವುದನ್ನೂ ಕಸವೆಂದು ಎಸೆಯುವುದಿಲ್ಲ. ಮುಖ್ಯ ಕಟ್ಟಡಗಳ ಗೋಡೆಗೆ ಫಲಕ ಹಾಕಿಸುತ್ತಾರೆ. ಹಳೆಯ ಕಟ್ಟಡವನ್ನು ಕೆಡಹುವ ಮಾತು ಬಂದರೆ ಕಾಗದಪತ್ರಗಳನ್ನು ಹಿಡಿದುಕೊಂಡು ನಗರಸಭೆಯ ಮುಂದೆ ನಿಲ್ಲುತ್ತಾರೆ. ಅಲ್ಲಿಯ ರಾಷ್ಟ್ರೀಯ ಗ್ರಂಥಾಲಯವು 1994ರಲ್ಲಿ ಇಂಥ ಸಂಗ್ರಹಗಳ ರಕ್ಷಣೆಗೆಂದೇ ಅನುದಾನ ಯೋಜನೆಯೊಂದನ್ನು ಆರಂಭಿಸಿತು. ಅದೇ ಗ್ರಂಥಾಲಯ ‘ಟ್ರೋವ್’ ಎಂಬ ಹೆಸರಿನಲ್ಲಿ ಹಳೆಯ ಪತ್ರಿಕೆಗಳನ್ನು ಗಣಕದ ಮೂಲಕ ಎಲ್ಲರಿಗೂ ತೆರೆದಿಟ್ಟಿದೆ. ಯಂತ್ರವು ತಪ್ಪಾಗಿ ಓದಿದ ಸಾಲುಗಳನ್ನು ಸಾಮಾನ್ಯ ಓದುಗರೇ ಮನೆಯಲ್ಲಿ ಕುಳಿತು ತಿದ್ದುತ್ತಾರೆ.

ಇದನ್ನು ಓದಿ, ‘ಅವರು ಅನುಕೂಲಸ್ಥರು, ನಮ್ಮಲ್ಲಿ ಇದೆಲ್ಲ ನಡೆಯುವುದುಂಟೆ?’ ಎಂದು ವಾಚಕರು ನಿಟ್ಟುಸಿರು ಬಿಡಬೇಕಾಗಿಲ್ಲ. ವಿಕ್ಟೋರಿಯಾದವರು ಸಂಘ ಕಟ್ಟಿದ 1909ನೆಯ ವರ್ಷದಲ್ಲೇ ನಮ್ಮ ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ಹುಟ್ಟಿತು. ಫಾದರ್ ಟಬಾರ್ಡ್ ಅವರು ಅದರ ಮೊದಲ ಅಧ್ಯಕ್ಷರು. ಮೈಸೂರು ಸಂಸ್ಥಾನದ ನೆರವಿನಿಂದ ಅದಕ್ಕೊಂದು ಸ್ವಂತ ಭವನವೂ ಆಯಿತು. ಇಂದಿನ ನೃಪತುಂಗ ರಸ್ತೆಯಲ್ಲಿ, ರೆಸಿಡೆಂಟರಾಗಿದ್ದ ಸರ್ ಹ್ಯೂ ಡೇಲಿಯವರ ಹೆಸರನ್ನು ಹೊತ್ತು ನಿಂತಿರುವ ಡೇಲಿ ಸ್ಮಾರಕ ಭವನವೇ ಅದು. ಸಂಘದ ತ್ರೈಮಾಸಿಕ ಪತ್ರಿಕೆಗೆ ನೂರು ವರ್ಷ ಮೀರಿದೆ. ಇದರ ಜೊತೆಗೆ ಡಾ. ಸೂರ್ಯನಾಥ ಕಾಮತರು ಮುಂದೆ ನಿಂತು 1986ರಲ್ಲಿ ಕಟ್ಟಿದ ಕರ್ನಾಟಕ ಇತಿಹಾಸ ಅಕಾಡೆಮಿಯೂ ಉಂಟು. ಅದರ ವಾರ್ಷಿಕ ಸಮ್ಮೇಳನದ ಪ್ರಬಂಧಗಳು ‘ಇತಿಹಾಸ ದರ್ಶನ’ದ ಸಂಪುಟಗಳಾಗಿ ಹೊರಬರುತ್ತ ಬಂದಿವೆ.

ಬರೆದಿಡುವುದರ ಬೆಲೆ ಏನೆಂಬುದನ್ನು ತಿಳಿಯಬೇಕಾದರೆ ಬಿ. ಎಲ್. ರೈಸ್ ಅವರನ್ನು ನೆನೆಯಬೇಕು. ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲೇ, 1837ರಲ್ಲಿ. ಮೈಸೂರು ಸಂಸ್ಥಾನದ ಹಳ್ಳಿಹಳ್ಳಿಗಳ ಶಾಸನಗಳ ಪಡಿಯಚ್ಚು ತೆಗೆಸಿ, ಓದಿಸಿ, 1886ರಿಂದ 1905ರ ವರೆಗೆ ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಅಚ್ಚು ಹಾಕಿಸಿದರು. 1905ರ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಗೆ ಮೀಸಲು. ಆ ಸಂಪುಟದಲ್ಲಿ ಹೆಸರಿಸಿದ ಹೊಲ, ಕೆರೆಯ ಏರಿ, ಗುಡಿಯ ಅಂಗಳಗಳನ್ನು ಹುಡುಕಿಕೊಂಡು ಈಗ ಹೋದರೆ ಎಷ್ಟೋ ಕಡೆ ಕಲ್ಲೂ ಇಲ್ಲ, ಹೊಲವೂ ಇಲ್ಲ. ಕಲ್ಲು ಚಪ್ಪಡಿಯಾಗಿ ಹೋಗಿರಬಹುದು, ಮನೆಯ ತಳಪಾಯ ಸೇರಿರಬಹುದು. ಆದರೂ ಅದರ ಮಾತು ಉಳಿದಿದೆ, ಏಕೆಂದರೆ ಒಬ್ಬರು ಅದನ್ನು ಬರೆದುಕೊಂಡಿದ್ದರು.

ರೈಸ್ ಅವರ ತರುವಾಯ ಬಂದ ವಿದ್ವಾಂಸರು ಈ ಕೆಲಸವನ್ನು ಮುಂದುವರಿಸಿದರು. ಬೇಗೂರಿನ ನಾಗೇಶ್ವರ ದೇವಾಲಯದ ವೀರಗಲ್ಲಿನ ಪ್ರಾಮುಖ್ಯ ಎಲ್ಲರಿಗೂ ತಿಳಿದದ್ದು ಹೀಗೆ. ಹೊಯ್ಸಳ ದೊರೆ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳೆಂದೂ ಅದರಿಂದ ಬೆಂಗಳೂರೆಂಬ ಹೆಸರು ಬಂದಿತೆಂದೂ ನಾವೆಲ್ಲ ಅಜ್ಜಿಯರಿಂದ ಕೇಳಿದವರೇ. ಕಥೆ ಸೊಗಸಾಗಿದೆ. ಆದರೆ ಬಲ್ಲಾಳನಿಗಿಂತ ಬಹು ಹಿಂದೆ, ಸುಮಾರು ಕ್ರಿ.ಶ. 890ರ ಆ ಗಂಗರ ಕಾಲದ ಕಲ್ಲಿನಲ್ಲಿ ಬೆಂಗಳೂರಿನ ಕಾಳಗದ ಪ್ರಸ್ತಾಪವಿದೆ. ಹೊಯ್ಸಳರು ಬರುವ ಮೊದಲೇ ಊರಿಗೆ ಹೆಸರಿತ್ತು, ಅದಕ್ಕಾಗಿ ಜೀವ ತೆತ್ತವರೂ ಇದ್ದರು. ಕಥೆಯನ್ನು ಮಕ್ಕಳಿಗೆ ಹೇಳೋಣ. ಕಲ್ಲಿನ ಸಾಕ್ಷ್ಯವನ್ನೂ ತಪ್ಪದೆ ಹೇಳೋಣ.

ಇನ್ನೊಂದು ಉದಾಹರಣೆ ತೀರ ಇತ್ತೀಚಿನದು. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗಾಗಿ ನೆಲ ಅಗೆಯುವಾಗ ಒಂದು ಶಾಸನ ಬೆಳಕಿಗೆ ಬಂದಿತು. ವಿದ್ವಾಂಸರು ಅದರ ಕಾಲವನ್ನು ಸುಮಾರು ಕ್ರಿ.ಶ. 750 ಎಂದು ನಿರ್ಣಯಿಸಿದ್ದಾರೆ. ಗಂಗ ದೊರೆ ಶ್ರೀಪುರುಷನ ಕಾಲದಲ್ಲಿ ಹೋರಾಡಿ ಮಡಿದ ಕಿತ್ತಯ ಎಂಬ ವೀರನ ಸ್ಮಾರಕವದು. ಅದರಲ್ಲಿ ‘ಪೆರ್ಬೊಳಲ್‌ನಾಡು’ ಎಂಬ ಹೆಸರು ಬರುತ್ತದೆ. ಪೆರ್ ಎಂದರೆ ಹಿರಿದು, ಪೊಳಲ್ ಎಂದರೆ ಪಟ್ಟಣ. ಹಳಗನ್ನಡದ ‘ಪಾಲ್’ ಇಂದಿನ ‘ಹಾಲು’ ಆದಂತೆ ಪೆರ್ಬೊಳಲ್ ಕ್ರಮವಾಗಿ ಹೆಬ್ಬಾಳವಾಯಿತು. ತರಗತಿಯಲ್ಲಿ ಪಕಾರವು ಹಕಾರವಾಗುವ ನಿಯಮವನ್ನು ಪಾಠ ಮಾಡುವಾಗ ಆಕಳಿಸುತ್ತಿದ್ದ ಹುಡುಗರು, ಈ ಉದಾಹರಣೆಯನ್ನು ಹೇಳಿದ ದಿನ ಕಣ್ಣರಳಿಸಿ ಕುಳಿತರು. ದಿನವೂ ಬಸ್ಸಿನ ಮುಂದೆ ಬರೆದಿರುವ ಹೆಸರಿಗೆ ಸಾವಿರದ ಇನ್ನೂರು ವರ್ಷಕ್ಕೂ ಮಿಕ್ಕ ವಯಸ್ಸೆಂದರೆ ಯಾರಿಗೆ ತಾನೆ ಸೋಜಿಗವಾಗದು?

ಆ ಕಲ್ಲು ಉಳಿದ ಬಗೆಯನ್ನು ಗಮನಿಸಬೇಕು. ಅಗೆದವರ ಗುದ್ದಲಿಗೆ ಸಿಕ್ಕಿದ್ದು ಬರಿಯ ಕಲ್ಲಲ್ಲವೆಂದು ತಿಳಿಯುವ ಆಸಕ್ತರು ನಗರದಲ್ಲಿದ್ದರು. ಓದಬಲ್ಲ ವಿದ್ವಾಂಸರು ದೊರೆತರು. ಓದಿದ್ದನ್ನು ಅಚ್ಚು ಹಾಕಲು ಮಿಥಿಕ್ ಸೊಸೈಟಿಯ ಪತ್ರಿಕೆ ಇತ್ತು. ಕಡೆಗೆ ಕಲ್ಲಿಗೊಂದು ಮಂಟಪವೂ ಎದ್ದಿತು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದ್ದರೂ ಕಿತ್ತಯ ಮತ್ತೆ ಮಣ್ಣು ಸೇರುತ್ತಿದ್ದ. ಇತಿಹಾಸ ಸಂಘವೆಂದರೆ ಈ ಕೊಂಡಿಗಳನ್ನು ಬೆಸೆಯುವ ಏರ್ಪಾಡು. 2021ರಲ್ಲಿ ಸೊಸೈಟಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಶ್ರೀ ಪಿ. ಎಲ್. ಉದಯಕುಮಾರ್ ಅವರ ನೇತೃತ್ವದಲ್ಲಿ ಬೆಂಗಳೂರು ಪ್ರದೇಶದ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನರಿನಿಂದ ದಾಖಲಿಸುವ ಯೋಜನೆ ಆರಂಭವಾಯಿತು. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರದ ತಗ್ಗನ್ನೂ ಆ ಯಂತ್ರ ಗುರುತಿಸುತ್ತದೆ. ನಾಳೆ ಕಲ್ಲಿಗೆ ಏನೇ ಆದರೂ ಅದರ ಪ್ರತಿರೂಪ ಉಳಿದಿರುತ್ತದೆ.

ಹಾಗಾದರೆ ನಮಗೇನು ಕೊರತೆ? ನಗರಕ್ಕೆ ದೊಡ್ಡ ಸಂಘವಿದೆ. ಬಡಾವಣೆಗೆ ಸಣ್ಣ ಸಂಘವಿಲ್ಲ. ಕ್ಷೇಮಾಭಿವೃದ್ಧಿ ಸಂಘ, ಭಜನಾ ಮಂಡಳಿ, ರಾಜ್ಯೋತ್ಸವ ಸಮಿತಿಗಳನ್ನು ಬೀದಿಗೊಂದರಂತೆ ಕಾಣಬಹುದು. ಬೀದಿಯ ನೆನಪನ್ನು ಕಾಪಾಡುವವರನ್ನು ಕಾಣುವುದು ಅಪರೂಪ.

ಈ ಕೊರತೆಯಿಂದ ಆಗುತ್ತಿರುವ ನಷ್ಟ ಕಲ್ಲುಗಳದ್ದು ಮಾತ್ರವಲ್ಲ. 1949ರಲ್ಲಿ ಆಗಿನ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರ ಕೈಯಿಂದ ಆರಂಭೋತ್ಸವ ಮಾಡಿಸಿಕೊಂಡ ಕೈಗಾರಿಕಾ ಉಪನಗರವೇ ಇಂದಿನ ರಾಜಾಜಿನಗರ. ಹೊಲಗಳ ನಡುವೆ ನಿವೇಶನ ಪಡೆದು, ಲಾಟೀನು ಹಿಡಿದು ಮನೆಗೆ ಬಂದ ಆ ಮೊದಲ ಸಂಸಾರಗಳ ಅನುಭವವನ್ನು ಯಾರು ಬರೆದಿಟ್ಟಿದ್ದಾರೆ? ಬಿನ್ನಿ ಮಿಲ್ಲಿನ ನೆಲದಲ್ಲಿ ಇಂದು ಬಹುಮಹಡಿಯ ವಸತಿಗಳು ನಿಂತಿವೆ. ಮಿಲ್ಲಿನ ಕೂಗಿಗೆ ಎದ್ದು ಪಾಳಿಗೆ ಹೋಗುತ್ತಿದ್ದವರ ಮೊಮ್ಮಕ್ಕಳಿಗೆ ಆ ಕೂಗು ಹೇಗಿತ್ತೆಂಬುದು ತಿಳಿಯದು. ಕೆಂಗೇರಿಗೆ ಮೆಟ್ರೋ ಬಂದದ್ದು 2021ರಲ್ಲಿ. ರೈಲು ಬಂದದ್ದು ಅದಕ್ಕೂ 140 ವರ್ಷಗಳ ಹಿಂದೆ. ಆ ಹಳಿಯ ಪಕ್ಕದಲ್ಲಿ ಬೆಳೆದ ಊರಿನ ಕಥೆ, ವೃಷಭಾವತಿಯಲ್ಲಿ ತಿಳಿನೀರು ಹರಿಯುತ್ತಿದ್ದುದನ್ನು ಕಂಡವರ ಕಥೆ, ಇವು ಯಾವ ಕಲ್ಲಿನಲ್ಲಿಯೂ ಕೊರೆದಿಲ್ಲ. ಅವಿರುವುದು ಹಿರಿಯರ ನೆನಪಿನಲ್ಲಿ. 1949ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ಇನ್ನು ಕೆಲವೇ ವರ್ಷಗಳಲ್ಲಿ ಕೇಳಬೇಕೆಂದರೂ ಹೇಳುವವರಿರುವುದಿಲ್ಲ.

‘ಇದು ಸರ್ಕಾರದ ಕೆಲಸವಲ್ಲವೆ?’ ಎಂದು ಕೆಲವರು ಕೇಳಬಹುದು. ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ನಮ್ಮ ರಾಜ್ಯದಲ್ಲಿ 1961ರ ಕಾಯಿದೆ ಇದೆ, ಪುರಾತತ್ತ್ವ ಇಲಾಖೆಯೂ ಇದೆ. ಆದರೆ ಸಂರಕ್ಷಿತವೆಂದು ಘೋಷಿಸಿದ ಸ್ಮಾರಕಕ್ಕೆ ಸಿಗುವ ಕಾವಲು ಬೀದಿಬದಿಯ ಒಂಟಿ ವೀರಗಲ್ಲಿಗೆ ಸಿಗುವುದಿಲ್ಲ. ಅದಕ್ಕೆ ಕಾವಲು ಎದುರು ಮನೆಯವರೇ. ಇನ್ನು ಅಜ್ಜಿಯ ಪೆಟ್ಟಿಗೆಯಲ್ಲಿರುವ ಫೋಟೋವನ್ನು ಕೇಳಿಕೊಂಡು ಯಾವ ಇಲಾಖೆಯೂ ಮನೆಗೆ ಬರಲಾರದು.

ಆಸ್ಟ್ರೇಲಿಯಾದ ಸಂಘಗಳಿಂದ ಕಲಿಯಬೇಕಾದ ಇನ್ನೊಂದು ಪಾಠವೂ ಇದೆ. ಬಹುಕಾಲ ಅವರ ಚರಿತ್ರೆ ಇಂಗ್ಲೀಷರ ಹಡಗುಗಳು ಬಂದಿಳಿದ 1788ರಿಂದಲೇ ಆರಂಭವಾಗುತ್ತಿತ್ತು. ಅದಕ್ಕೆ ಮೊದಲು 50,000 ವರ್ಷಗಳಿಗೂ ಹೆಚ್ಚು ಕಾಲ ಆ ನೆಲದಲ್ಲಿ ಬಾಳಿದ್ದ ಮೂಲನಿವಾಸಿಗಳಿಗೆ ಪುಸ್ತಕದಲ್ಲಿ ಸ್ಥಳವಿರಲಿಲ್ಲ. ಆ ಲೋಪವನ್ನು ತಿದ್ದುವ ಪ್ರಯತ್ನ ಈಚೆಗೆ ನಡೆದಿದೆ. ನಾವು ಬಡಾವಣೆಯ ಚರಿತ್ರೆ ಬರೆಯುವಾಗ ನಿವೇಶನ ಹಂಚಿದ ದಿನದಿಂದ ಆರಂಭಿಸಿದರೆ ನಮ್ಮಿಂದಲೂ ಅದೇ ಲೋಪವಾಗುತ್ತದೆ. ಹೊಲ ಬಿಟ್ಟುಕೊಟ್ಟ ಹೊಸಹಳ್ಳಿಯ ರೈತ, ಇಟ್ಟಿಗೆ ಹೊತ್ತ ಕೂಲಿ ಹೆಂಗಸು, ಊರ ಹಬ್ಬ ನಡೆಸಿದ ಹಳ್ಳಿಯವರು ಇವರೆಲ್ಲ ಆ ಚರಿತ್ರೆಗೆ ಸೇರಿದವರೇ.

ಕೆಲಸ ಆರಂಭಿಸಲು ಭವನ ಬೇಡ, ನಿಧಿ ಬೇಡ. ಹತ್ತು ಜನ ಆಸಕ್ತರು, ಬಡಾವಣೆಯ ಗ್ರಂಥಾಲಯದಲ್ಲೋ ಶಾಲೆಯಲ್ಲೋ ಒಂದು ಬೀರು, ತಿಂಗಳಿಗೆ ಒಂದು ಸಂಜೆ ಇಷ್ಟು ಸಾಕು. ಮನೆಯ ಹಳೆಯ ಫೋಟೋಗಳ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಸ್ಥಳ, ವರ್ಷಗಳನ್ನು ಬರೆಯಿರಿ. ಹೆಸರಿಲ್ಲದ ಫೋಟೋ ಎರಡು ತಲೆಮಾರು ಕಳೆದರೆ ಅಪರಿಚಿತರ ಫೋಟೋ ಆಗುತ್ತದೆ. ತಾತನವರನ್ನು ಕೂರಿಸಿಕೊಂಡು ಮೊಬೈಲಿನಲ್ಲಿ ಅವರ ಮಾತನ್ನು ಮುದ್ರಿಸಿಕೊಳ್ಳಿ, ದಿನಾಂಕವನ್ನು ನಮೂದಿಸಿ. ಕಾಲೇಜಿನ ಮಕ್ಕಳು ಬೀದಿ ಬೀದಿ ತಿರುಗಿ ಹಳೆಯ ಬಾವಿ, ಅಶ್ವತ್ಥಕಟ್ಟೆ, ಗುಡಿ, ಶಾಲೆಗಳ ಪಟ್ಟಿ ಮಾಡಲಿ.

ಬರಹವಿರುವ ಕಲ್ಲು ಕಂಡರೆ ಅದಕ್ಕೆ ಬಣ್ಣ ಬಳಿಯಬಾರದು, ಎಣ್ಣೆ ಸುರಿಯಬಾರದು, ಆಮ್ಲ ಹಾಕಿ ಉಜ್ಜಬಾರದು, ಅಕ್ಷರಗಳು ಕೆಡುತ್ತವೆ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೋ ತೆಗೆದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಅದನ್ನು ಪುರಾತತ್ತ್ವ ಇಲಾಖೆಗೋ ಮಿಥಿಕ್ ಸೊಸೈಟಿಗೋ ತಲಪಿಸಿದರೆ ನಿಮ್ಮ ಕರ್ತವ್ಯ ಮುಗಿಯಿತು.

ವಿಜಯನಗರ, ಹಂಪಿನಗರ ಎಂದು ನಮ್ಮ ಬಡಾವಣೆಗಳಿಗೆ ಚರಿತ್ರೆಯ ದೊಡ್ಡ ಹೆಸರುಗಳನ್ನು ಇಟ್ಟುಕೊಂಡಿದ್ದೇವೆ. ಹೆಸರಿನಲ್ಲಿ ಗೌರವವಿದೆ, ಸಂತೋಷ. ಆ ಗೌರವದಲ್ಲಿ ಒಂದು ಪಾಲು ಅತ್ತಿಗುಪ್ಪೆಗೂ ಕೇತಮಾರನಹಳ್ಳಿಗೂ ಸಲ್ಲಬೇಕು. ಮುಂದಿನ ಭಾನುವಾರ ಹಳೆಯ ಪೆಟ್ಟಿಗೆಯೊಂದನ್ನು ತೆರೆದು, ಮನೆಯ ಹಿರಿಯರ ಎದುರು ಕುಳಿತು, ‘ನೀವು ಬಂದಾಗ ಇಲ್ಲಿ ಏನಿತ್ತು?’ ಎಂದು ಕೇಳಿ ನೋಡಿ. ಬಡಾವಣೆಯ ಇತಿಹಾಸ ಸಂಘದ ಮೊದಲ ಸಭೆ ಅಲ್ಲೇ ಆರಂಭವಾಗಬಹುದು.