ಪದಕದ ಅಂಚಿನ ಹೆಸರು

ತಲೆಮಾರಿನಿಂದ ತಲೆಮಾರಿಗೆ ದಾಟುವ ಆಸ್ತಿಗಳಲ್ಲಿ ಸೈನಿಕ ಪದಕದ ಸ್ಥಾನವೇ ಬೇರೆ. ಹೊಲ, ಮನೆ, ಒಡವೆಗಳ ಜೊತೆಗೆ ಅವನ್ನು ಅನುಭೋಗಿಸುವ ಹಕ್ಕೂ ವಾರಸುದಾರರಿಗೆ ಬರುತ್ತದೆ. ಪದಕವನ್ನು ಎಡ ಎದೆಯ ಮೇಲೆ ಧರಿಸುವ ಗೌರವವಾದರೋ ಅದನ್ನು ಪಡೆದ ಯೋಧನೊಂದಿಗೇ ಮುಗಿಯುತ್ತದೆ, ಮಕ್ಕಳು ಮೊಮ್ಮಕ್ಕಳಿಗೆ ಉಳಿಯುವುದು ಕಾಪಾಡುವ ಹೊಣೆ ಮಾತ್ರ. ಆಸ್ಟ್ರೇಲಿಯಾದಂತಹ ದೇಶಗಳಲ್ಲಿ ಸ್ಮರಣೆಯ ದಿನದಂದು ಹಿರಿಯರ ಪದಕಗಳನ್ನು ವಂಶಸ್ಥರು ಬಲ ಎದೆಯ ಮೇಲೆ ಧರಿಸುವ ವಾಡಿಕೆಯಿರುವುದು, ಈ ಗಳಿಕೆ ಧರಿಸಿದವರದಲ್ಲ, ಅವರ ಹಿರಿಯರದು ಎಂದು ನೋಡಿದವರಿಗೆ ತಿಳಿಯಲೆಂದೇ.

ಕನ್ನಡ ನಾಡಿನ ಹಳೆಯ ಪದ್ಧತಿಯಲ್ಲಿ ಶೌರ್ಯದ ಫಲವೇ ವಂಶಕ್ಕೆ ಇಳಿದುಬರುತ್ತಿತ್ತು. ಯುದ್ಧದಲ್ಲಿ ಮಡಿದವನ ಮನೆಯವರಿಗೆ ಕೊಡುತ್ತಿದ್ದ ಭೂಮಿಯನ್ನು ಶಾಸನಗಳು ನೆತ್ತರುಗೊಡಗೆ ಎನ್ನುತ್ತವೆ. ಗೆದ್ದು ಬಂದ ವೀರನ ಕತ್ತಿಯನ್ನು ತೊಳೆದು ಕೊಡುತ್ತಿದ್ದ ದತ್ತಿಗೆ ಬಾಳ್ಗಚ್ಚು ಎಂಬ ಹೆಸರಿತ್ತು. ಹತ್ತನೆಯ ಶತಮಾನದ ನಡುವಿನ ಆತಕೂರು ಶಾಸನದಲ್ಲಿ, ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲರನಿಗೆ ಗಂಗರ ಬೂತುಗನು ಊರುಗಳನ್ನು ಹೀಗೆಯೇ ಬಾಳ್ಗಚ್ಚಾಗಿ ಕೊಟ್ಟ ಸಂಗತಿಯಿದೆ. ಅದೇ ಮಣಲರನು ಅರಸನಲ್ಲಿ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದದ್ದನ್ನೂ, ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತದ್ದನ್ನೂ ಆ ಕಲ್ಲು ಮರೆಯದೆ ದಾಖಲಿಸಿದೆ.

ದುಂಡನೆಯ ಲೋಹದ ಬಿಲ್ಲೆಯನ್ನು ರಿಬ್ಬನ್ನಿಗೆ ತೂಗಿಸಿ ಸಾಮಾನ್ಯ ಸಿಪಾಯಿಗೂ ಕೊಡುವ ಕ್ರಮ ಈ ನೆಲಕ್ಕೆ ಬಂದದ್ದು ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ. ಯರಗೇರಾ, ಮಾನ್ವಿ, ದೇವದುರ್ಗಗಳನ್ನು ಒಳಗೊಂಡ ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿಗೆ, ಅಂದರೆ ರಾಯಚೂರು ದೋಆಬಕ್ಕೆ, ಈ ಇತಿಹಾಸದಲ್ಲಿ ಒಂದು ಪಾತ್ರವಿದೆ. ರಾಯಚೂರಿನ ಯುದ್ಧವೆಂದರೆ ಕೃಷ್ಣದೇವರಾಯನ 1520ರ ಯುದ್ಧವೊಂದನ್ನೇ ನೆನೆಯುವ ರೂಢಿಯಿಂದಾಗಿ ಆ ಪಾತ್ರ ಮರೆಯಾಗಿದೆ. ನಿಜಾಮರ ಹಣದಲ್ಲಿ ಬ್ರಿಟಿಷ್ ಅಧಿಕಾರಿಗಳು ನಡೆಸುತ್ತಿದ್ದ ಹೈದರಾಬಾದ್ ಕಂಟಿಂಜೆಂಟ್ ಎಂಬ ಪಡೆಯ ಒಂದು ಛಾವಣಿ, ಅಂದರೆ ದಂಡು ಬೀಡುಬಿಡುವ ನೆಲೆ, ಲಿಂಗಸುಗೂರಿನಲ್ಲಿತ್ತು. ಈ ಪಡೆಯ ಸಂಬಳದ ಬಾಕಿ ಬೆಳೆದಾಗ ನಿಜಾಮರು 1853ರ ಒಪ್ಪಂದದಂತೆ ಬೀರಾರಿನೊಂದಿಗೆ ರಾಯಚೂರು ದೋಆಬವನ್ನೂ ಕಂಪನಿಯ ಆಡಳಿತಕ್ಕೆ ಬಿಟ್ಟುಕೊಟ್ಟರು. ದೋಆಬ ಮರಳಿ ಅವರ ಕೈಸೇರಿದ್ದು 1860ರಲ್ಲಿ. ಆ ಏಳು ವರ್ಷ ಈ ಭಾಗದ ರೈತರು ಕಟ್ಟಿದ ಕಂದಾಯವೂ ಸಿಪಾಯಿಗಳ ಸಂಬಳಕ್ಕೆ ಆಧಾರವಾಗಿತ್ತು.

1903ರಲ್ಲಿ ಕಂಟಿಂಜೆಂಟ್ ಭಾರತೀಯ ಸೇನೆಯಲ್ಲಿ ವಿಲೀನಗೊಂಡಾಗ ಅದರ ಕಾಲಾಳು ದಳಗಳು 94ರಿಂದ 99ರವರೆಗಿನ ಅಂಕೆಗಳನ್ನು ಪಡೆದವು, ಕುದುರೆ ದಳಗಳಲ್ಲೊಂದು 20ನೆಯ ಡೆಕ್ಕನ್ ಹಾರ್ಸ್ ಆಯಿತು. ಮೊದಲ ಮಹಾಯುದ್ಧದಲ್ಲಿ 98ನೆಯ ದಳ ಪೂರ್ವ ಆಫ್ರಿಕಾದ ಟಾಂಗಾದಲ್ಲಿಯೂ, ಡೆಕ್ಕನ್ ಹಾರ್ಸ್ 1916ರ ಜುಲೈನಲ್ಲಿ ಫ್ರಾನ್ಸಿನ ಸೊಮ್ ರಣರಂಗದಲ್ಲಿಯೂ ಕಾದಾಡಿದವು. ನಿಜಾಮರ ಸ್ವಂತ ಸೇನೆಗೆ ಸೇರಿದ ಹೈದರಾಬಾದ್ ಲ್ಯಾನ್ಸರ್ಸ್ ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್‌ಗಳೊಂದಿಗೆ ಒಂದೇ ಬ್ರಿಗೇಡಿನಲ್ಲಿ ಸೂಯೆಜ್ ಕಾಲುವೆಯನ್ನು ಕಾದಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಕೀರ್ತಿ ಇದೇ ಬ್ರಿಗೇಡಿನದು.

ಆ ಯುದ್ಧದಿಂದ ಮರಳಿದವರಿಗೆ ಸಾಮಾನ್ಯವಾಗಿ ದೊರೆತವು ಎರಡು ಪದಕಗಳು: ದೊರೆಯ ತಲೆಯಿರುವ ಬೆಳ್ಳಿಯ ಬ್ರಿಟಿಷ್ ವಾರ್ ಮೆಡಲ್, ರೆಕ್ಕೆಯ ವಿಜಯದೇವತೆಯಿರುವ ವಿಕ್ಟರಿ ಮೆಡಲ್. 1915 ಮುಗಿಯುವ ಮೊದಲೇ ರಣರಂಗಕ್ಕೆ ಹೋದವರಿಗೆ ಇವುಗಳ ಜೊತೆಗೆ ಕಂಚಿನ ನಕ್ಷತ್ರವೊಂದೂ ಸಿಕ್ಕಿತು. ಇವು ಸಾಹಸಕ್ಕೆ ಕೊಟ್ಟವಲ್ಲ. ರಣರಂಗದಲ್ಲಿ ಸೇವೆ ಸಲ್ಲಿಸಿದ ಎಲ್ಲರಿಗೂ ಕೊಡುವ ಇಂಥವನ್ನು ಸೇವಾಪದಕಗಳೆಂದೂ, ನಿರ್ದಿಷ್ಟ ಕೃತ್ಯವೊಂದಕ್ಕೆ ಕೊಡುವವನ್ನು ಶೌರ್ಯಪದಕಗಳೆಂದೂ ಕರೆಯುತ್ತಾರೆ. ಲಕ್ಷಗಟ್ಟಲೆ ಅಚ್ಚಾದ ಪದಕಗಳಾದ್ದರಿಂದ ಮುಖಚಿತ್ರವನ್ನು ನೋಡಿ ಒಂದನ್ನು ಇನ್ನೊಂದರಿಂದ ಬೇರ್ಪಡಿಸಲಾಗದು. ಆದರೆ ಪದಕವನ್ನು ಓರೆಯಾಗಿ ಹಿಡಿದು ಅದರ ಅಂಚನ್ನು ನೋಡಿದರೆ, ಸಿಪಾಯಿಯ ಸಂಖ್ಯೆ, ದರ್ಜೆ, ಹೆಸರು, ದಳ ಇವಿಷ್ಟನ್ನು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿರುವುದು ಕಾಣುತ್ತದೆ. ನಕ್ಷತ್ರದಲ್ಲಿ ಇದೇ ವಿವರ ಹಿಂಬದಿಯಲ್ಲಿರುತ್ತದೆ. ಪುಸ್ತಕಗಳಲ್ಲಿ ಎಲ್ಲೂ ಹೆಸರು ಕಾಣದ ಒಬ್ಬ ಹಳ್ಳಿಗನಿಗೆ ಈ ಒಂದು ಸಾಲೇ ಚರಿತ್ರೆಯಲ್ಲಿ ದೊರೆತ ಸ್ಥಳ, ಆದ್ದರಿಂದ ಪದಕದ ಎಲ್ಲ ಭಾಗಗಳಿಗಿಂತ ಅಂಚು ಅಮೂಲ್ಯವಾದುದು.

ಕಂಟಿಂಜೆಂಟಿನ ಕಾಲಾಳು ದಳಗಳಿಂದ 1922ರಲ್ಲಿ ರೂಪುಗೊಂಡ 19ನೆಯ ಹೈದರಾಬಾದ್ ರೆಜಿಮೆಂಟ್ 1945ರಲ್ಲಿ ಕುಮಾವ್ ರೆಜಿಮೆಂಟ್ ಎಂದು ಮರುಹೆಸರು ಪಡೆಯಿತು. ಕೊಡಗಿನ ಕೊಡಂದೆರ ಸುಬ್ಬಯ್ಯ ತಿಮ್ಮಯ್ಯನವರು ಸೇರಿದ್ದು ಈ ಹೈದರಾಬಾದ್ ರೆಜಿಮೆಂಟಿನ 4ನೆಯ ಬೆಟಾಲಿಯನ್ನಿಗೆ; ಮುಂದೆ ಬರ್ಮಾದ ಯುದ್ಧದಲ್ಲಿ ಅವರಿಗೆ ಡಿ.ಎಸ್.ಓ. ಗೌರವ ದೊರೆಯಿತು. 1947ರ ನವೆಂಬರ್ 3ರಂದು ಕಾಶ್ಮೀರದ ಬಡಗಾಂನಲ್ಲಿ ಮಡಿದು ಮೊದಲ ಪರಮವೀರ ಚಕ್ರಕ್ಕೆ ಪಾತ್ರರಾದ ಮೇಜರ್ ಸೋಮನಾಥ ಶರ್ಮಾ ಅವರೂ ಇದೇ ಬೆಟಾಲಿಯನ್ನಿನವರು. ಆ ಪದಕದ ವಿನ್ಯಾಸವನ್ನು ರೂಪಿಸಿದ ಸಾವಿತ್ರಿ ಖಾನೋಲ್ಕರ್ ಅವರ ಮಗಳು ಶರ್ಮಾ ಅವರ ತಮ್ಮನ ಪತ್ನಿಯಾಗಿದ್ದರೆಂಬುದು ಪದಕಗಳ ಚರಿತ್ರೆಯಲ್ಲಿಯೇ ಅಪರೂಪದ ಸಂಗತಿ.

ತಲೆಮಾರುಗಳ ಸೈನಿಕ ಪರಂಪರೆಯನ್ನು ಕಾಣಲು ಕೊಡಗಿಗಿಂತ ಸೂಕ್ತವಾದ ನೆಲ ಕರ್ನಾಟಕದಲ್ಲಿಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರಿಗೆ ಬ್ರಿಟಿಷ್ ದೊರೆಯ ಓ.ಬಿ.ಇ. ಬಂದಿದ್ದರೆ, 1965ರ ಯುದ್ಧದಲ್ಲಿ ವಿಮಾನ ಉರುಳಿ ಪಾಕಿಸ್ತಾನದ ಸೆರೆಯಾಳಾಗಿದ್ದ ಅವರ ಮಗ, ಮುಂದೆ ಏರ್ ಮಾರ್ಷಲ್ ಆದ ನಂದಾ ಕಾರ್ಯಪ್ಪನವರ ಗೌರವಗಳು ಗಣರಾಜ್ಯದವು. ಒಂದೇ ಮನೆಯ ಎರಡು ತಲೆಮಾರುಗಳಲ್ಲಿ ಕಿರೀಟದಿಂದ ಅಶೋಕ ಸ್ತಂಭಕ್ಕೆ ಆದ ಬದಲಾವಣೆಯನ್ನು ಪದಕಗಳಲ್ಲಿಯೇ ಓದಬಹುದು. ಅದೇ ಯುದ್ಧದಲ್ಲಿ ಸರ್ಗೋಧಾದ ಮೇಲಿನ ದಾಳಿಯಿಂದ ಮರಳದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಸಾಹಸ ಬೆಳಕಿಗೆ ಬಂದದ್ದು ಬಹುಕಾಲದ ನಂತರವಾದ್ದರಿಂದ, ಅವರ ಮಹಾವೀರ ಚಕ್ರ ಕುಟುಂಬದ ಕೈಸೇರಿದ್ದು 23 ವರ್ಷ ಕಳೆದು, 1988ರಲ್ಲಿ.

ಕೊಡಗಿನ ಅತಿ ಹಳೆಯ ಪದಕ ಮಾತ್ರ ಓದುಗರನ್ನು ಕಠಿಣವಾದ ಪ್ರಶ್ನೆಯೊಂದರ ಎದುರು ನಿಲ್ಲಿಸುತ್ತದೆ. 1837ರ ಈ ಪದಕದ ಒಂದು ಬದಿಯಲ್ಲಿ ಕೋವಿ ಹಿಡಿದು ಕತ್ತಿಯೆತ್ತಿ ನಿಂತ ಕೊಡವ ಯೋಧನ ಚಿತ್ರವೂ ಕನ್ನಡದ ಬರಹವೂ ಇವೆ. ಚಿನ್ನದಲ್ಲಿ 44, ಬೆಳ್ಳಿಯಲ್ಲಿ 300 ಅಚ್ಚಾದವು. ಕನ್ನಡ ಅಕ್ಷರಗಳನ್ನು ಹೊತ್ತ ಸೈನಿಕ ಪದಕವೆಂದು ಅದನ್ನು ಅಭಿಮಾನದಿಂದ ನೋಡುವ ಹೊತ್ತಿಗೆ, ಅದನ್ನು ಕೊಟ್ಟದ್ದು ಅಮರ ಸುಳ್ಯದ ರೈತ ಬಂಡಾಯವನ್ನು ಅಡಗಿಸುವಲ್ಲಿ ಕಂಪನಿಗೆ ತೋರಿದ ನಿಷ್ಠೆಗಾಗಿ ಎಂಬುದನ್ನೂ ನೆನೆಯಬೇಕಾಗುತ್ತದೆ. ರಾಯಚೂರಿನ ನೆರೆಯಲ್ಲೂ 1858ರಲ್ಲಿ ಸುರಪುರದ ವೆಂಕಟಪ್ಪ ನಾಯಕನು ಬ್ರಿಟಿಷರ ವಿರುದ್ಧ ನಿಂತಾಗ, ಅವನೆದುರು ಬಂದ ದಂಡಿನಲ್ಲಿ ಲಿಂಗಸುಗೂರಿನ ಛಾವಣಿಯ ಸಿಪಾಯಿಗಳಿದ್ದರು. ಇಂಥ ಪದಕಗಳನ್ನು ನಾಚಿಕೆಯಿಂದ ಮುಚ್ಚಿಡುವುದು ತಪ್ಪು, ಅವು ಯಾವುದಕ್ಕೆ ಸಿಕ್ಕವೆಂಬ ಅರ್ಧವನ್ನು ಮರೆಮಾಡಿ ಮೆರೆಸುವುದು ಇನ್ನೂ ದೊಡ್ಡ ತಪ್ಪು.

ಕಾಪಾಡುವ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪ. ಹುಣಸೆಹಣ್ಣು, ಬೂದಿಗಳಿಂದ ತಿಕ್ಕಿದಷ್ಟೂ ಅಂಚಿನ ಅಕ್ಷರಗಳು ಸವೆಯುತ್ತವೆ. ಮೇಲಿನ ಕೊಂಡಿಯನ್ನು ಕಳಚಿ ಸರಕ್ಕೆ ಪೋಣಿಸಲು ಬೆಸುಗೆ ಹಾಕಿಸಿದರೆ ಪದಕದ ಮೂಲರೂಪವೇ ಕೆಡುತ್ತದೆ. ಬ್ರಿಟಿಷ್ ವಾರ್ ಮೆಡಲ್‌ನಲ್ಲಿ ಸುಮಾರು 30 ಗ್ರಾಂ ಬೆಳ್ಳಿಯಿರುವುದರಿಂದ, 1980ರಲ್ಲಿ ಬೆಳ್ಳಿಯ ಧಾರಣೆ ವಿಪರೀತ ಏರಿದಾಗ ಬಹಳಷ್ಟು ಪದಕಗಳು ಕುಲುಮೆ ಸೇರಿ, ಅವುಗಳೊಂದಿಗೆ ಅಷ್ಟು ಹೆಸರುಗಳೂ ಕರಗಿಹೋದವು. ನೂರು ವರ್ಷ ದಾಟಿದ ಪದಕಗಳು 1972ರ ಪ್ರಾಚ್ಯವಸ್ತು ಕಾಯಿದೆಯ ವ್ಯಾಪ್ತಿಗೆ ಬರುವುದರಿಂದ ಖಾಸಗಿಯವರು ಅವುಗಳನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಬಿಡುಗಡೆ ಪತ್ರ, ಪಿಂಚಣಿ ಕಾಗದ, ಸಮವಸ್ತ್ರದಲ್ಲಿರುವ ಚಿತ್ರ ಇವುಗಳನ್ನು ಪದಕದೊಂದಿಗೇ ಇಟ್ಟ ಮನೆತನಗಳಿಗೆ ಅಂಚಿನ ಸಂಖ್ಯೆಯ ಜಾಡು ಹಿಡಿಯುವುದು ಸುಲಭ. ಆ ಅಂಚಿನಲ್ಲಿ 94ರಿಂದ 99ರವರೆಗಿನ ಯಾವುದಾದರೂ ದಳದ ಹೆಸರಿದ್ದರೆ, ಆ ಸಿಪಾಯಿಯ ಪರಂಪರೆಯ ಮುಂದಿನ ಪುಟಗಳನ್ನು ಇಂದು ಹುಡುಕಬೇಕಾದದ್ದು ಉತ್ತರಾಖಂಡದ ರಾಣೀಖೇತ್‌ನಲ್ಲಿರುವ ಕುಮಾವ್ ರೆಜಿಮೆಂಟಿನ ಕೇಂದ್ರದಲ್ಲಿ.