ಗಣಕಯಂತ್ರದ ಜೋಡಣೆ: ಕೈ ಹಾಕುವ ಮುನ್ನ ತಾಳೆ ನೋಡಿ

ವಿಂಡೋಸ್ 10 ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆ ಅಗತ್ಯವಾದುದರಿಂದ ಅನೇಕ ಕಛೇರಿಗಳ ಹಳೆಯ ಗಣಕಯಂತ್ರಗಳನ್ನು ಬದಲಿಸಬೇಕಾಗಿ ಬಂದಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಲ್ಲಿ ಬಿಡಿಭಾಗಗಳನ್ನು ಕೊಂಡು ತಾವೇ ಜೋಡಿಸಿಕೊಳ್ಳುವ ವ್ಯಾಪಾರಸ್ಥರೂ ಇದ್ದಾರೆ. ಅಗತ್ಯಕ್ಕೆ ತಕ್ಕಂತೆ ಭಾಗಗಳನ್ನು ಆರಿಸಿಕೊಳ್ಳಬಹುದೆಂಬ ಅನುಕೂಲ ಇದರಲ್ಲಿದೆ. ಆದರೆ ಪರಿಶೀಲನೆಯ ಹೊಣೆಯೂ ಕೊಳ್ಳುವವನದೇ ಆಗುತ್ತದೆ.

ಈ ಮಾತನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. 2023ರ ಸೆಪ್ಟೆಂಬರ್ ಮೂರನೆಯ ವಾರ, ತೆರಿಗೆ ಲೆಕ್ಕಪರಿಶೋಧನಾ ವರದಿಗಳ ಗಡುವು ಹತ್ತಿರವಾಗಿದ್ದಾಗ, ನಮ್ಮ ಕಛೇರಿಯ ಒಂದು ಯಂತ್ರ ಕೆಟ್ಟಿತು. ಅವಸರದಲ್ಲಿ ಭಾಗಗಳನ್ನು ತಂದು ರಾತ್ರಿಯೇ ಜೋಡಿಸಿದೆವು. ಫ್ಯಾನ್ ತಿರುಗಿತು, ಪರದೆ ಮಾತ್ರ ಬೆಳಗಲಿಲ್ಲ. ನಾವು ತಂದ ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ 'ಎಫ್' ಅಕ್ಷರವಿತ್ತು. ಅಂಥವುಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲವೆಂಬುದು ನಮಗೆ ತಿಳಿದದ್ದು ಆಮೇಲೆ. ಮೊಹರು ಒಡೆದ ಪೆಟ್ಟಿಗೆಯನ್ನು ಅಂಗಡಿಯವರು ಹಿಂದಕ್ಕೆ ಪಡೆಯಲಿಲ್ಲ. ಎರಡು ದಿನಗಳೂ ಒಂದು ಗ್ರಾಫಿಕ್ಸ್ ಕಾರ್ಡಿನ ಬೆಲೆಯೂ ನಷ್ಟವಾದವು. ಮುಂದಿನ ಫೆಬ್ರವರಿಯಲ್ಲಿ ಎಸ್.ಎಸ್.ಡಿ. ಸ್ಥಗಿತಗೊಂಡಿತು. ಬಿಲ್ಲಿನಲ್ಲಿ ಕ್ರಮಸಂಖ್ಯೆ ಇರಲಿಲ್ಲವಾಗಿ, ಅದು ತಾವು ಮಾರಿದ್ದೇ ಅಲ್ಲವೆಂದರು. ಒಂದು ವಾರದ ಲೆಕ್ಕವನ್ನು ವೋಚರುಗಳಿಂದ ಮತ್ತೆ ಬರೆಯಬೇಕಾಯಿತು. ಇತರರ ದಾಸ್ತಾನನ್ನು ವರ್ಷವಿಡೀ ತಾಳೆ ನೋಡುವ ನಾನು ನನ್ನ ಖರೀದಿಯನ್ನು ತಾಳೆ ನೋಡಿರಲಿಲ್ಲ.

ಹೊಂದಾಣಿಕೆಯ ತಾಳೆ

ಮೊದಲಿಗೆ ಪ್ರೊಸೆಸರ್ ಮತ್ತು ಮದರ್‌ಬೋರ್ಡ್‌ಗಳ ಸಾಕೆಟ್ ಒಂದೇ ಆಗಿರಬೇಕು. ಇಂಟೆಲ್‌ನ 12, 13 ಮತ್ತು 14ನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳಿಗೆ ಎಲ್.ಜಿ.ಎ. 1700 ಸಾಕೆಟ್ ಬೇಕು. 2024ರಲ್ಲಿ ಬಂದ ಕೋರ್ ಅಲ್ಟ್ರಾ 200 ಸರಣಿಗೆ ಎಲ್.ಜಿ.ಎ. 1851 ಬೇಕು. ಒಂದು ಇನ್ನೊಂದಕ್ಕೆ ಕೂಡದು. ಸಾಕೆಟ್ ಹೊಂದಿದರೂ ಹಳೆಯ ದಾಸ್ತಾನಿನ ಬೋರ್ಡಿಗೆ ಬಯಾಸ್ ನವೀಕರಣ ಬೇಕಾಗಬಹುದು. ತಯಾರಕರ ಜಾಲತಾಣದ ಬೆಂಬಲಿತ ಪ್ರೊಸೆಸರುಗಳ ಪಟ್ಟಿಯನ್ನು ಮುಂಚಿತವಾಗಿ ನೋಡುವುದು ಕ್ಷೇಮ.

ಎರಡನೆಯದು ಮೆಮೊರಿ. ಡಿ.ಡಿ.ಆರ್. 4 ಮತ್ತು ಡಿ.ಡಿ.ಆರ್. 5 ಕಡ್ಡಿಗಳ ಕಚ್ಚು ಬೇರೆ ಬೇರೆ ಸ್ಥಾನದಲ್ಲಿರುತ್ತದೆ. ಎ.ಎಂ.ಡಿ.ಯ ಎ.ಎಂ. 5 ಬೋರ್ಡುಗಳು ಡಿ.ಡಿ.ಆರ್. 5ನ್ನು ಮಾತ್ರ ಸ್ವೀಕರಿಸುತ್ತವೆ. ಮೂರನೆಯದು ಎಂ.2 ಎಸ್.ಎಸ್.ಡಿ. ನೋಟಕ್ಕೆ ಒಂದೇ ಬಗೆಯಾದರೂ ಅದು ಸಾಟಾ ಅಥವಾ ಎನ್.ವಿ.ಎಂ.ಇ. ಆಗಿರಬಹುದು. ಬೋರ್ಡು ಯಾವುದನ್ನು ಒಪ್ಪುತ್ತದೆಂದು ಕೈಪಿಡಿಯಲ್ಲಿ ನೋಡಬೇಕು. ನಾಲ್ಕನೆಯದು ಕ್ಯಾಬಿನೆಟ್. ಎ.ಟಿ.ಎಕ್ಸ್. ಬೋರ್ಡಿನ ಅಳತೆ 305 x 244 ಮಿ.ಮೀ.; ಮೈಕ್ರೋ ಎ.ಟಿ.ಎಕ್ಸ್. 244 x 244 ಮಿ.ಮೀ. ಕೂಲರಿನ ಎತ್ತರಕ್ಕೂ ಸ್ಥಳವಿರಬೇಕು. ಕೊನೆಯದಾಗಿ ಪವರ್ ಸಪ್ಲೈ. ಗ್ರಾಫಿಕ್ಸ್ ಕಾರ್ಡಿಲ್ಲದ ಕಛೇರಿ ಯಂತ್ರಕ್ಕೆ ಉತ್ತಮ ತಯಾರಿಕೆಯ 450 ವ್ಯಾಟ್ ಧಾರಾಳವಾಗಿ ಸಾಲುತ್ತದೆ. ಆದರೆ ಇಲ್ಲಿ ಅಗ್ಗವೆಂದು ಮುಗ್ಗಿದ ಜೋಳ ಕೊಂಡರೆ ಉಳಿದೆಲ್ಲ ಭಾಗಗಳಿಗೂ ಅಪಾಯ.

ಕಣ್ಣಾರೆ ಪರೀಕ್ಷೆ

ಮದರ್‌ಬೋರ್ಡಿನ ಸಾಕೆಟ್ ಮುಚ್ಚಳವನ್ನು ಅಂಗಡಿಯಲ್ಲಿಯೇ, ಮಾರಾಟಗಾರರ ಎದುರಿನಲ್ಲಿ ತೆಗೆಸಿ ಪಿನ್ನುಗಳು ಬಾಗಿಲ್ಲವೆಂದು ನೋಡಬೇಕು. ಬಾಗಿದ ಪಿನ್ನಿಗೆ ಸಾಮಾನ್ಯವಾಗಿ ವಾರಂಟಿ ಸಿಗದು. ಪೆಟ್ಟಿಗೆಯ ಮೇಲಿನ ಕ್ರಮಸಂಖ್ಯೆ ಭಾಗದ ಮೇಲಿನದಕ್ಕೆ ಸರಿಹೊಂದುತ್ತದೆಯೇ, ಪ್ರೊಸೆಸರಿನೊಡನೆ ಕೂಲರ್ ಇದೆಯೇ, ಬೋರ್ಡಿನೊಡನೆ ಹಿಂಬದಿಯ ತಗಡು ಮತ್ತು ಸಾಟಾ ಕೇಬಲ್ ಇವೆಯೇ ಎಂದು ಎಣಿಸಿಕೊಳ್ಳಬೇಕು.

ಮನೆಗೆ ತಂದ ಬಳಿಕ ಕ್ಯಾಬಿನೆಟ್ಟಿಗೆ ಕೂರಿಸುವ ಮೊದಲು ಬೋರ್ಡಿನ ರಟ್ಟಿನ ಪೆಟ್ಟಿಗೆಯ ಮೇಲೆ ಪ್ರೊಸೆಸರ್, ಕೂಲರ್ ಮತ್ತು ಒಂದು ಮೆಮೊರಿ ಕಡ್ಡಿಯನ್ನಷ್ಟೇ ಜೋಡಿಸಿ ಚಾಲೂ ಮಾಡಿ ನೋಡಿರಿ. ಬಯಾಸ್ ಪರದೆಯಲ್ಲಿ ಪ್ರೊಸೆಸರಿನ ಹೆಸರು ಮತ್ತು ಮೆಮೊರಿಯ ಪ್ರಮಾಣ ಕಾಣುತ್ತವೆ. ಎಸ್.ಎಸ್.ಡಿ. ಎಷ್ಟು ಗಂಟೆ ಚಾಲನೆಯಲ್ಲಿತ್ತೆಂಬುದನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂತಹ ಉಚಿತ ತಂತ್ರಾಂಶ ತೋರಿಸುತ್ತದೆ. ಹೊಸದೆಂದು ಕೊಂಡದ್ದರಲ್ಲಿ ಸಾವಿರಾರು ಗಂಟೆಗಳಿದ್ದರೆ ಅದು ಹಳೆಯ ಮಾಲು.

ಬಿಲ್ಲು ಮತ್ತು ತೆರಿಗೆ

ಬಿಲ್ಲಿನಲ್ಲಿ ಪ್ರತಿ ಭಾಗದ ಕ್ರಮಸಂಖ್ಯೆ ಮತ್ತು ತಮ್ಮ ಜಿ.ಎಸ್.ಟಿ. ಸಂಖ್ಯೆ ಇರಲೇಬೇಕು. ಮಾರಾಟಗಾರರು ಬಿಲ್ಲನ್ನು ತಮ್ಮ ವಿವರಣಾ ಪತ್ರದಲ್ಲಿ ತೋರಿಸಿ, ಅದು ಜಿ.ಎಸ್.ಟಿ.ಆರ್.-2ಬಿ ಯಲ್ಲಿ ಕಂಡರೆ ಮಾತ್ರ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಈ ಭಾಗಗಳ ಮೇಲಿನ ತೆರಿಗೆ ಶೇ. 18 ಆದುದರಿಂದ ಇದು ಅಲಕ್ಷಿಸುವ ಮೊತ್ತವಲ್ಲ. ಆದಾಯ ತೆರಿಗೆಯಲ್ಲಿ ಗಣಕಯಂತ್ರಕ್ಕೆ ಶೇ. 40 ಸವಕಳಿ ಉಂಟು. ಆ ವರ್ಷ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಜಮೆ ಪಡೆದ ತೆರಿಗೆಯ ಮೊತ್ತಕ್ಕೆ ಸವಕಳಿ ಕೇಳುವಂತಿಲ್ಲ. 2017ರ ಹಣಕಾಸು ಕಾಯಿದೆಯಿಂದ ಬಂದ ನಿಯಮದಂತೆ, ಒಬ್ಬರಿಗೆ ಒಂದೇ ದಿನ 10,000 ರೂ.ಗಳಿಗೆ ಮೀರಿ ನಗದು ಕೊಟ್ಟರೆ ಆ ವೆಚ್ಚ ಸ್ವತ್ತಿನ ಬೆಲೆಗೆ ಸೇರದು. ಆದ್ದರಿಂದ ಬ್ಯಾಂಕಿನ ಮೂಲಕವೇ ಪಾವತಿಸುವುದು ಲೇಸು.

ಈಗ ನಮ್ಮ ಕಛೇರಿಯಲ್ಲಿ ಬಿಡಿಭಾಗಗಳ ಪಟ್ಟಿ ಬರೆಯುವವರೊಬ್ಬರು, ಅದನ್ನು ತಾಳೆ ನೋಡುವವರು ಮತ್ತೊಬ್ಬರು. ಲೆಕ್ಕಪತ್ರಗಳ ಪ್ರತಿಯೊಂದು ಪ್ರತಿದಿನ ಸಂಜೆ ಬೇರೆ ಡಿಸ್ಕಿಗೆ ಹೋಗುತ್ತದೆ. ಯಂತ್ರವನ್ನು ಮತ್ತೆ ಕೊಳ್ಳಬಹುದು, ಕಳೆದುಹೋದ ಲೆಕ್ಕವನ್ನು ಕೊಳ್ಳಲಾಗದು. ಓದುಗ ಬಂಧುಗಳು ಅರ್ಧ ದಿನವನ್ನು ಪರಿಶೀಲನೆಗೆ ಮೀಸಲಿಟ್ಟರೆ ನನಗಾದ ನಷ್ಟ ಅವರಿಗಾಗದು.