ಬೆರಳು ಮುಟ್ಟಿದ ಮುಖಗಳು

ನಾನು ಮೊದಲು ಕಂಡದ್ದು ಒಂದು ಕೆನ್ನೆಯನ್ನು. ಮೊಬೈಲ್ ಪರದೆಯ ಮೇಲೆ ಚಿತ್ರವನ್ನು ಹಿಗ್ಗಿಸುತ್ತಾ ಹಿಗ್ಗಿಸುತ್ತಾ ಹೋದೆ. ದೂರದಿಂದ ಬರೀ ಕಂದು ಅನ್ನಿಸಿದ್ದು ಹತ್ತಿರ ಹೋದಂತೆಲ್ಲ ಸುಳಿಯೆದ್ದ ಹೊಳೆಯಾಗಿಬಿಟ್ಟಿತು! ಕಂದಿನೊಳಗೆ ನೀಲಿ, ನೀಲಿಯ ಬೆನ್ನಿಗೆ ಕಾವಿ, ಅದರ ಮೇಲೆ ಹಾದ ಕಪ್ಪು. ಒಂದನ್ನೊಂದು ಸುತ್ತಿ, ನಡುವೆ ತುಂಡಾಗಿ, ಮತ್ತೆ ಹೊರಳಿದ ಪಟ್ಟೆಗಳು. ಇದೆಂಥ ಕುಂಚವಪ್ಪಾ ಎಂದು ಹುಡುಕಹೊರಟರೆ ಅಲ್ಲಿ ಕುಂಚವೇ ಇಲ್ಲ. ಬೆರಳು! ಎಣ್ಣೆಬಣ್ಣ ಮೆತ್ತಿಕೊಂಡ ಬೆರಳೊಂದು ಕ್ಯಾನ್ವಾಸಿನ ಮೇಲೆ ಓಡಾಡಿದ ಜಾಡು ಅದು.

ಘಾನಾ ದೇಶದ ಚಿತ್ರಕಾರ ಅಮೊಆಕೊ ಬೊಆಫೊ ನನ್ನ ಕಣ್ಣಿಗೆ ಬಿದ್ದದ್ದು ಹೀಗೆ. ಅಂದಿನಿಂದ ಆ ಜಾಡು ಹಿಡಿದು ಹೊರಟವನಿಗೆ ಒಂದೊಂದು ತಿರುವಿನಲ್ಲೂ ಬೆರಗು ಕಾದಿತ್ತು.

1984ರಲ್ಲಿ ರಾಜಧಾನಿ ಅಕ್ರಾದಲ್ಲಿ ಹುಟ್ಟಿದ ಹುಡುಗ. ತಂದೆ ಮೀನುಗಾರ, ಮಗ ಚಿಕ್ಕವನಿರುವಾಗಲೇ ತೀರಿಕೊಂಡರು. ತಾಯಿ ಅಡುಗೆ ಕೆಲಸ ಮಾಡಿ ಮನೆ ನಡೆಸಿದರು. ಚಿತ್ರಕಲೆಯ ಗೀಳು ಎಳವೆಯಿಂದಲೂ ಇತ್ತು, ಆದರೆ ಅದರಿಂದ ಅನ್ನ ಹುಟ್ಟೀತೆಂಬ ಧೈರ್ಯ ಯಾರಿಗಿತ್ತು? ಹುಡುಗ ಟೆನಿಸ್ ರ‍್ಯಾಕೆಟ್ ಹಿಡಿದ, ಅರೆವೃತ್ತಿಪರ ಆಟಗಾರನೂ ಆದ. ಆಗ ತಾಯಿ ಕೆಲಸಕ್ಕಿದ್ದ ಮನೆಯವರೊಬ್ಬರು, ಕಲಾಶಾಲೆಯ ಶುಲ್ಕ ನಾನು ಕಟ್ಟುತ್ತೇನೆ ಅಂದರು. ಆ ಒಂದು ಮಾತು ಬಾರದೇ ಹೋಗಿದ್ದರೆ! ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. 2008ರಲ್ಲಿ ಅಕ್ರಾದ ಘನಟ್ಟಾ ಕಲಾಶಾಲೆಯಿಂದ ಬೊಆಫೊ ಚಿತ್ರಕಾರರಾಗಿ ಹೊರಬಂದರು.

2014ರಲ್ಲಿ ಅವರು ಹೋಗಿ ನೆಲೆಸಿದ್ದು ಆಸ್ಟ್ರಿಯಾದ ವಿಯೆನ್ನಾದಲ್ಲಿ. ಅದು ಚಿತ್ರಕಾರ ಗುಸ್ತಾವ್ ಕ್ಲಿಮ್ಟ್‌ನ ಊರು, 28ನೇ ವಯಸ್ಸಿಗೇ ತೀರಿಕೊಂಡ ಎಗೊನ್ ಶೀಲೆಯ ಊರು. ಶೀಲೆಯ ಚಿತ್ರಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಮೈಚರ್ಮವೆಂಬುದು ಗಂಟುಗಂಟಾಗಿ, ನರನರವಾಗಿ ಮಿಡಿಯುತ್ತಿರುತ್ತದೆ. ಅದನ್ನು ಅಕ್ರಾದ ಈ ಯುವಕ ಕಣ್ತುಂಬ ನೋಡಿದ. ಸುತ್ತಲಿನ ಗೋಡೆಗಳ ಮೇಲೆಲ್ಲ ಯುರೋಪಿನ ಬಿಳಿ ಮುಖಗಳು. ತನ್ನವರ ಮುಖಗಳೆಲ್ಲಿ? ಬೊಆಫೊ ಗೆಳೆಯರನ್ನು, ಬಳಗದವರನ್ನು, ತಾವು ಮೆಚ್ಚಿದ ಕಪ್ಪು ಜನರನ್ನು ಒಬ್ಬೊಬ್ಬರಾಗಿ ಬರೆಯತೊಡಗಿದರು. ಕುಂಚವನ್ನು ಬದಿಗಿಟ್ಟು ಬೆರಳಿಂದ ಬರೆದದ್ದೂ ಇಲ್ಲಿಯೇ.

ಕುಂಚ ಹೇಳಿದಂತೆ ಕೇಳುತ್ತದೆ, ಬೆರಳು ಕೇಳುವುದಿಲ್ಲ. ಗೆರೆ ಜಾರುತ್ತದೆ, ದಪ್ಪವಾಗುತ್ತದೆ, ಪಕ್ಕದ ಬಣ್ಣವನ್ನು ಎಳೆದುಕೊಂಡು ಹೋಗುತ್ತದೆ. ಹಿಡಿತ ತಪ್ಪುವ ಆ ಗಳಿಗೆಯೇ ಬೊಆಫೊಗೆ ಬೇಕು! ಉಡುಪು, ಹಿನ್ನೆಲೆಗಳು ಮಾತ್ರ ಕುಂಚದ ಪಾಲು. ಹಿನ್ನೆಲೆ ಹೆಚ್ಚಾಗಿ ಒಂದೇ ಬಣ್ಣದ ಬಯಲು. ಕೆಲವು ಉಡುಪುಗಳ ಹೂಬಳ್ಳಿಯನ್ನಂತೂ ಉಡುಗೊರೆ ಸುತ್ತುವ ಕಾಗದದಿಂದಲೇ ಕ್ಯಾನ್ವಾಸಿಗೆ ಇಳಿಸುತ್ತಾರೆ. ಹೀಗೆ ಸಮತಟ್ಟಾದ ಬಟ್ಟೆಯ ನಡುವಿನಿಂದ ಮುಖ, ಕೊರಳು, ಕೈಗಳು ಉಸಿರಾಡುತ್ತಾ ಮೇಲೇಳುತ್ತವೆ. ಆ ಚರ್ಮದ ಒಂದೊಂದು ಅಂಗುಲವನ್ನೂ ಒಬ್ಬ ಮನುಷ್ಯನ ಬೆರಳು ಮುಟ್ಟಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ಕಪ್ಪು ಮೈಯನ್ನು ಇಷ್ಟು ಅಕ್ಕರೆಯಿಂದ ಸವರಿದ ಚಿತ್ರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮುಂದಿನದು ಸುಂಟರಗಾಳಿಯ ವೇಗದ ಕಥೆ. ಬರಾಕ್ ಒಬಾಮಾರ ಅಧಿಕೃತ ಭಾವಚಿತ್ರ ಬರೆದ ಕೆಹಿಂಡೆ ವೈಲಿ 2018ರಲ್ಲಿ ಇನ್‌ಸ್ಟಾಗ್ರಾಮಿನಲ್ಲಿ ಈ ಚಿತ್ರಗಳನ್ನು ನೋಡಿ, ತಮ್ಮ ಗ್ಯಾಲರಿಗಳವರಿಗೆ ತಿಳಿಸಿದರು. ಮರುವರ್ಷದ ಜನವರಿಯಲ್ಲೇ ಲಾಸ್ ಏಂಜಲಿಸ್‌ನಲ್ಲಿ ಪ್ರದರ್ಶನ. ಚಿತ್ರಗಳೆಲ್ಲ ಖಾಲಿ! ಅದೇ ವರ್ಷ ಮಯಾಮಿಯ ರುಬೆಲ್ ಮ್ಯೂಸಿಯಂ ತನ್ನ ಹೊಸ ಕಟ್ಟಡಕ್ಕೆ ಬೊಆಫೊರನ್ನು ನಿವಾಸಿ ಕಲಾವಿದರನ್ನಾಗಿ ಕರೆಸಿಕೊಂಡಿತು. 2020ರ ಫೆಬ್ರವರಿಯಲ್ಲಿ ಲಂಡನ್ನಿನ ಫಿಲಿಪ್ಸ್ ಹರಾಜಿನಲ್ಲಿ, ನಿಂಬೆಹಣ್ಣಿನ ಚಿತ್ತಾರದ ಈಜುಡುಗೆ ತೊಟ್ಟ ಹೆಂಗಸಿನ ಚಿತ್ರಕ್ಕೆ 30ರಿಂದ 50 ಸಾವಿರ ಪೌಂಡ್ ಬರಬಹುದೆಂಬ ಅಂದಾಜಿತ್ತು. ಬಂದದ್ದು 6,75,000 ಪೌಂಡ್! ಮರುವರ್ಷ ಹಾಂಗ್‌ಕಾಂಗ್‌ನಲ್ಲಿ ಇನ್ನೊಂದು ಚಿತ್ರ ಸುಮಾರು 34 ಲಕ್ಷ ಡಾಲರ್‌ಗೆ ಹೋಯಿತು. ಹೀಗೆ ಮರುಮಾರಾಟದಲ್ಲಿ ಸುರಿಯುವ ಹಣದ ಬಹುಪಾಲು ಹಿಂದೆ ಕೊಂಡಿಟ್ಟವರದು, ಬರೆದವರದಲ್ಲ. ಇದು ಅನ್ಯಾಯವೆಂದೇ ನನಗೆ ತೋರುತ್ತದೆ. ಇಷ್ಟರ ನಡುವೆ ಪ್ಯಾರಿಸ್ಸಿನ ಡಿಯೋರ್ ಸಂಸ್ಥೆ ಈ ಚಿತ್ರಗಳನ್ನು ತನ್ನ ಗಂಡಸರ ಉಡುಪುಗಳ ಮೇಲೆ ಮೂಡಿಸಿತು.

ಆದರೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು 2021ರ ಆಗಸ್ಟ್ 26. ಅಮೆರಿಕದ ಪಶ್ಚಿಮ ಟೆಕ್ಸಾಸಿನಿಂದ ಬ್ಲೂ ಒರಿಜಿನ್ ಕಂಪನಿಯ ರಾಕೆಟ್ ಮೇಲಕ್ಕೆ ಹಾರಿತು. ಒಳಗೆ ಮನುಷ್ಯರಾರೂ ಇರಲಿಲ್ಲ. ಅದರ ಕ್ಯಾಪ್ಸೂಲಿನ ಹೊರಮೈಯ ಮೂರು ಫಲಕಗಳ ಮೇಲೆ ಬೊಆಫೊ ಬರೆದ ಮೂರು ಮುಖಗಳಿದ್ದವು. ಒಂದು ಅವರದೇ. ಇನ್ನೊಂದು, ಗೆಳೆಯ ಹಾಗೂ ಚಿತ್ರಕಾರ ಓಟಿಸ್ ಕ್ವೇಕೊ ಅವರ ತಾಯಿಯದು. ಮತ್ತೊಂದು ಬೊಆಫೊರ ಹೆತ್ತ ತಾಯಿಯದು! ಅಕ್ರಾದಲ್ಲಿ ಅಡುಗೆ ಮಾಡಿ ಮಗನನ್ನು ಸಾಕಿದ ತಾಯಿಯ ಮುಖ ಗಾಳಿಯೇ ಇಲ್ಲದ ಕಪ್ಪು ಬಾನಿನ ಅಂಚಿಗೆ, 100 ಕಿಲೋಮೀಟರ್‌ಗೂ ಮೇಲಕ್ಕೆ ಏರಿತು. ಹತ್ತು ನಿಮಿಷದ ಆಸುಪಾಸಿನಲ್ಲಿ ಪ್ಯಾರಾಚೂಟ್ ಬಿಚ್ಚಿ ಮರಳಿ ನೆಲ ಮುಟ್ಟಿತು.

ಇಷ್ಟೆಲ್ಲ ಹೆಸರು ಬಂದ ಮೇಲೂ ಬೊಆಫೊ ಹುಟ್ಟೂರನ್ನು ಮರೆಯಲಿಲ್ಲ. 2022ರ ಡಿಸೆಂಬರಿನಲ್ಲಿ ಅಕ್ರಾದಲ್ಲಿ 'ಡಾಟ್ ಅಟೆಲಿಯೆ' ತೆರೆದರು. ಕಲಾವಿದರು ಬಂದು ಉಳಿದು ಕೆಲಸ ಮಾಡಲು ಕಟ್ಟಿದ ಮನೆ, ಗ್ಯಾಲರಿಯೂ ಹೌದು. ವಿನ್ಯಾಸ ವಾಸ್ತುಶಿಲ್ಪಿ ಡೇವಿಡ್ ಅಜಾಯೆ ಅವರದು. 2024ರಲ್ಲಿ ವಿಯೆನ್ನಾದ ಬೆಲ್ವೆಡೆರ್ ಮ್ಯೂಸಿಯಂ ಅವರ ದೊಡ್ಡ ಪ್ರದರ್ಶನ ನಡೆಸಿತು. ಕ್ಲಿಮ್ಟ್‌ನ ಹೊಂಬಣ್ಣದ 'ಚುಂಬನ' ಚಿತ್ರ ಇರುವುದು ಅದೇ ಮ್ಯೂಸಿಯಂನಲ್ಲಿ!

2025ರ ವಸಂತದಲ್ಲಿ ಲಂಡನ್ನಿನ ಗಗೋಸಿಯನ್ ಗ್ಯಾಲರಿಯಲ್ಲಿ ಅವರು ಎಬ್ಬಿಸಿದ್ದು ಒಂದು ಅಂಗಳ. ತಾವು ಆಡಿ ಬೆಳೆದ ಅಕ್ರಾ ಮನೆಯ ಅಂಗಳವನ್ನು, ವಾಸ್ತುಶಿಲ್ಪಿ ಗ್ಲೆನ್ ಡೆರೋಷ್ ಜೊತೆಗೂಡಿ, ಗ್ಯಾಲರಿಯೊಳಗೆ ಮತ್ತೆ ಕಟ್ಟಿದರು.